ನಲಿ-ಕಲಿ ಮಕ್ಕಳಿಗೆ ಗಗನಯಾತ್ರಿಗಳ ಪಾಠ: ಯಾವುದು ಹೇಳೋದು, ಯಾವುದು ಮಾಡಿಸೋದು?

ಮಾಯಕೊಂಡ ಟೀಚರ್:

ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಮುಂಚಿನ ಒಂದು ವಾರ ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡಿದ್ದೇನೆ. ನಲಿ-ಕಲಿ ಕೊಠಡಿ, ಒಂದರಿಂದ ಮೂರನೇ ತರಗತಿಯ 26 ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರೊಜೆಕ್ಟರ್ ಇಲ್ಲ, ನನ್ನ ಮೊಬೈಲ್ ಇದೆ. ಖರ್ಚು ಮುನ್ನೂರು ರೂಪಾಯಿ ದಾಟಬಾರದು.

ಗ್ರಹಗಳ ಹೆಸರು ಬಾಯಿಪಾಠ ಮಾಡಿಸೋದು ಬೇಡ ಅಂತ ತೀರ್ಮಾನಿಸಿದ್ದೇನೆ. ಮನುಷ್ಯ ಅಷ್ಟು ಮೇಲೆ ಹೇಗೆ ಹೋಗ್ತಾನೆ, ಅಲ್ಲಿ ಹೇಗೆ ಇರ್ತಾನೆ ಅನ್ನೋದಷ್ಟೇ ಸಾಕು. ಗೊತ್ತಿರುವವರು ಮೂರು ವಿಷಯ ಹೇಳಿ. ಗಗನಯಾತ್ರಿಗಳು ತೇಲೋದು ಯಾಕೆ ಅಂತ ಆರು ವರ್ಷದ ಮಗುವಿಗೆ ಹೇಗೆ ಹೇಳೋದು? "ಅಲ್ಲಿ ಗುರುತ್ವಾಕರ್ಷಣೆ ಇಲ್ಲ" ಅಂದುಬಿಟ್ಟರೆ ಆಗುತ್ತಾ? ಮಕ್ಕಳ ಕೈಯಲ್ಲೇ ಮಾಡಿಸುವಂಥದ್ದು ಏನಿದೆ? ಮತ್ತೆ, ಅಂಗಡಿಯಿಂದ ತಂದ ಚಾರ್ಟಿನಲ್ಲಿ ಮೊದಲ ಭಾರತೀಯ ಗಗನಯಾತ್ರಿ ಕಲ್ಪನಾ ಚಾವ್ಲಾ ಅಂತ ಇದೆ, ಅನುಮಾನ ಬಂತು. ನಮ್ಮ ಕಡೆಯವರೇ ಉತ್ತರ ಕೊಟ್ಟರೆ ಇಲ್ಲಿ ಸಿಗುವ ಸಾಮಾನಿನಲ್ಲೇ ಮಾಡಬಹುದು.

ದುರ್ಗದ ಭೌತಶಾಸ್ತ್ರ:

ಮೇಡಂ, ಆ ಒಂದು ವಾಕ್ಯ ಮಾತ್ರ ಹೇಳಬೇಡಿ. ಮುಂದೆ ಹೈಸ್ಕೂಲಿನಲ್ಲಿ ಅದನ್ನ ತಲೆಯಿಂದ ತೆಗೆಸೋದು ಬಹಳ ಕಷ್ಟ. ಗಗನಯಾತ್ರಿಗಳು ಉಳಿದುಕೊಳ್ಳೋ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿ.ಮೀ. ಎತ್ತರದಲ್ಲಿ. ನೆಲದ ಮೇಲಿರುವ ಸೆಳೆತದಲ್ಲಿ ನೂರಕ್ಕೆ ತೊಂಬತ್ತರಷ್ಟು ಅಲ್ಲೂ ಇದೆ. ಇಲ್ಲದಿದ್ದರೆ ನಿಲ್ದಾಣ ಭೂಮಿಯನ್ನ ಸುತ್ತುತ್ತಲೇ ಇರಲಿಲ್ಲ, ನೆಟ್ಟಗೆ ಎತ್ತಲೋ ಹೊರಟುಹೋಗುತ್ತಿತ್ತು.

ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ: "ಅವರೂ ಬೀಳ್ತಾ ಇದ್ದಾರೆ, ಅವರ ಮನೆಯೂ ಬೀಳ್ತಾ ಇದೆ, ಎರಡೂ ಒಟ್ಟಿಗೆ." ಹೇಳಿದರೆ ನಂಬಲ್ಲ, ತೋರಿಸಬೇಕು.

ಒಂದು ಲೀಟರಿನ ನೀರಿನ ಬಾಟಲಿ ತಗೊಳ್ಳಿ. ತಳದಿಂದ ಎರಡು ಸೆಂ.ಮೀ. ಮೇಲೆ, ಪಕ್ಕದಲ್ಲಿ, ಕಾಯಿಸಿದ ಮೊಳೆಯಿಂದ ನಾಲ್ಕು ಮಿ.ಮೀ. ತೂತು ಮಾಡಿ (ಇದು ನೀವೇ ಮನೆಯಲ್ಲಿ ಮಾಡಿಕೊಂಡು ಬನ್ನಿ). ತೂತಿಗೆ ಬೆರಳು ಒತ್ತಿ ನೀರು ತುಂಬಿ, ನಾಲ್ಕು ಹನಿ ಇಂಕು ಹಾಕಿ. ಬೆರಳು ತೆಗೆದರೆ ನೀರು ಚಿಮ್ಮುತ್ತೆ. ಚಿಮ್ಮುತ್ತಿರುವಾಗಲೇ ಬಾಟಲಿಯನ್ನ ತಲೆಯಿಂದ ಮೇಲೆತ್ತಿ, ಕೆಳಗಿಟ್ಟ ಬಕೆಟ್ಟಿಗೆ ಬಿಟ್ಟುಬಿಡಿ. ಬೀಳುವಷ್ಟು ಹೊತ್ತೂ ತೂತಿನಿಂದ ನೀರು ಬರಲ್ಲ. ನೀರೂ ಬಾಟಲಿಯೂ ಒಂದೇ ವೇಗದಲ್ಲಿ ಬೀಳುವಾಗ ನೀರು ಬಾಟಲಿಯನ್ನ ಒತ್ತೋದಿಲ್ಲ, ಒತ್ತದಿದ್ದರೆ ಹೊರಗೆ ಬರಲ್ಲ.

ಕೆಡೋದು ಎಲ್ಲಿ ಅಂದ್ರೆ, ಮುಚ್ಚಳ. ಮುಚ್ಚಳ ಬಿಗಿಯಾಗಿದ್ದರೆ ಕೈಯಲ್ಲಿ ಹಿಡಿದಾಗಲೂ ನೀರು ನಿಂತುಬಿಡುತ್ತೆ, ಆಮೇಲೆ ಬೀಳಿಸಿ ತೋರಿಸೋಕೆ ಏನೂ ಉಳಿಯಲ್ಲ. ತೂತು ಒಂದೆರಡು ಮಿ.ಮೀ. ಇದ್ದರೆ ಬರೀ ತೊಟ್ಟಿಕ್ಕುತ್ತೆ, ವ್ಯತ್ಯಾಸ ಕಾಣಲ್ಲ. ಒಂದೇ ಕೈಯಲ್ಲಿ ಬಿಟ್ಟರೆ ಬಾಟಲಿ ವಾಲುತ್ತೆ, ಎರಡೂ ಕೈಯಿಂದ ಒಟ್ಟಿಗೆ ಬಿಡಿ. ಎರಡು ಮೀಟರ್ ಬೀಳೋಕೆ ಮುಕ್ಕಾಲು ಸೆಕೆಂಡೂ ಹಿಡಿಯಲ್ಲ, ಹಿಂದಿನ ಬೆಂಚಿನವರಿಗೆ ಏನೂ ಕಂಡಿರಲ್ಲ. ಅದಕ್ಕೆ ಬಿಳಿ ಗೋಡೆ ಮುಂದೆ ಮಾಡಿ, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದು, ಐದೈದು ಮಕ್ಕಳನ್ನ ಕರೆದು ತೋರಿಸಿ.

ಇನ್ನೊಂದು ಮಾಡಿ, ಅದರಲ್ಲಿದೆ ಮಜಾ. ಅಂಗಳದಲ್ಲಿ ಬಾಟಲಿಯನ್ನ ಮೇಲಕ್ಕೆ ಎಸೀರಿ. ಮೇಲೆ ಹೋಗುವಾಗಲೂ ನೀರು ಬರಲ್ಲ! ಕೈ ಬಿಟ್ಟ ಕ್ಷಣದಿಂದಲೇ ಅದು "ಬೀಳ್ತಾ" ಇದೆ. ದೊಡ್ಡವರೂ ಇಲ್ಲಿ ಒಂದು ಗಳಿಗೆ ನಿಂತು ಯೋಚಿಸ್ತಾರೆ.

ಮೂರನೇ ತರಗತಿಯವರು ಕೇಳೇ ಕೇಳ್ತಾರೆ: ಬೀಳ್ತಾ ಇದ್ದರೆ ನೆಲಕ್ಕೆ ಯಾಕೆ ಬಡಿಯಲ್ಲ? ನಿಲ್ದಾಣ ಒಂದು ಸೆಕೆಂಡಿಗೆ ಸುಮಾರು 7.7 ಕಿ.ಮೀ. ಮುಂದಕ್ಕೆ ಹೋಗುತ್ತೆ, ಅಂದ್ರೆ ದಾವಣಗೆರೆಯಿಂದ ಹರಿಹರಕ್ಕೆ ಎರಡು ಸೆಕೆಂಡು. ಅದೇ ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬೀಳುತ್ತೆ. ಅಷ್ಟು ದೂರದಲ್ಲಿ ಭೂಮಿಯೂ ಅಷ್ಟೇ ಬಾಗಿರುತ್ತೆ. ಹಾಗಾಗಿ ನೆಲ ಸಿಗೋದೇ ಇಲ್ಲ. ಹೀಗೆ ಒಂದು ಸುತ್ತಿಗೆ ಸುಮಾರು 92 ನಿಮಿಷ, ದಿನಕ್ಕೆ ಹದಿನಾರು ಸಲ ಸೂರ್ಯೋದಯ. ಈ ಹದಿನಾರು ಅನ್ನೋದು ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ.

ದಾವಣಗೆರೆ ಶಿಶುಶಿಕ್ಷಣ:

ಬಾಟಲಿ ಚೆನ್ನಾಗಿದೆ ಸರ್, ಆದರೆ ಮೊದಲ ದಿನ ಅದು ಬೇಡ ಅನ್ನಿಸುತ್ತೆ. ಒಂದನೇ ತರಗತಿಯವರಿಗೆ ತಮ್ಮ ಮೈಯಿಂದ ಶುರುವಾದರೆ ಮಾತ್ರ ಹತ್ತುತ್ತೆ. ಊಟ, ನಿದ್ದೆ, ಸ್ನಾನ, ಕಕ್ಕಸು. ಮೇಡಂ, ಕಕ್ಕಸಿನ ಪ್ರಶ್ನೆ ಹತ್ತು ನಿಮಿಷದೊಳಗೆ ಬರುತ್ತೆ, ಸಿದ್ಧವಾಗಿರಿ. ನಕ್ಕು ಹಾರಿಸಬೇಡಿ, ಸರಿಯಾದ ಉತ್ತರ ಇದೆ. ಅಲ್ಲಿ ನೀರು ಹುಯ್ಯೋಕಾಗಲ್ಲ, ಗಾಳಿ ಎಳೆದುಕೊಳ್ಳುತ್ತೆ. ಮೂತ್ರಕ್ಕೆ ಬೇರೆ ಕೊಳವೆ. ಆ ಮೂತ್ರ, ಬೆವರು, ಉಸಿರಿನ ತೇವ ಎಲ್ಲಾ ಶುದ್ಧ ಮಾಡಿ ಮತ್ತೆ ಕುಡಿಯೋ ನೀರು ಮಾಡ್ತಾರೆ. 2023ರ ಹೊತ್ತಿಗೆ ನೂರಕ್ಕೆ 98ರಷ್ಟು ನೀರು ವಾಪಸ್ ಪಡೆಯೋ ಮಟ್ಟಕ್ಕೆ ಬಂದಿದ್ದಾರೆ.

ಊಟಕ್ಕೆ ನಮ್ಮೂರಿನ ಮಂಡಕ್ಕಿಗಿಂತ ಒಳ್ಳೆ ಪಾಠೋಪಕರಣ ಇಲ್ಲ. ನೆಲದ ಮೇಲೆ ಕಪ್ಪು ಡ್ರಾಯಿಂಗ್ ಶೀಟ್ ಹಾಸಿ. ಒಗ್ಗರಣೆ ಮಂಡಕ್ಕಿ ಒಂದು ಹಿಡಿ, ಖಡಕ್ ಜೋಳದ ರೊಟ್ಟಿ ಒಂದು, ಮೆತ್ತನೆ ಚಪಾತಿ ಒಂದು, ಬಾಳೆಹಣ್ಣು ಒಂದು. ಒಬ್ಬೊಬ್ಬ ಮಗು ಒಂದೊಂದನ್ನ ಶೀಟಿನ ಮೇಲೆ ಮುರಿದು ತಿನ್ನಲಿ, ಉಳಿದವರು ಬಿದ್ದ ಚೂರು ಎಣಿಸಲಿ. ಇಲ್ಲಿ ಬಿದ್ದ ಚೂರು ಅಲ್ಲಿ ಬೀಳಲ್ಲ, ತೇಲಿಕೊಂಡು ಹೋಗಿ ಕಣ್ಣಿಗೆ, ಮೂಗಿಗೆ, ಯಂತ್ರದ ಫ್ಯಾನಿಗೆ ಸೇರುತ್ತೆ. ಅದಕ್ಕೇ ಅಲ್ಲಿ ಬ್ರೆಡ್ ಬದಲು ಚಪಾತಿಯಂಥ ಟಾರ್ಟಿಯಾ ತಿಂತಾರೆ, ಉಪ್ಪು ಕೂಡ ನೀರಿನ ರೂಪದಲ್ಲಿ ಇರುತ್ತೆ. ಎಣಿಸಿ ಹೋಲಿಸೋದರಿಂದ ಆ ದಿನದ ಗಣಿತವೂ ಆಗಿಹೋಗುತ್ತೆ. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಗಜ್ಜರಿ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ಹಣ್ಣಿನ ರಸ ತಗೊಂಡು ಹೋಗಿದ್ದರು. ಮೂರೂ ಉದುರದ ತಿನಿಸೇ, ಮಕ್ಕಳೇ ಕಾರಣ ಹೇಳಲಿ. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ಅವರಿಗೆ ತಿನಿಸು ತಯಾರಾಗಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ.

ನಿದ್ದೆಗೆ ಒಂದು ಕೌದಿ ಸಾಕು. ಮಗುವನ್ನ ಗೋಡೆಗೆ ಒರಗಿಸಿ ನಿಲ್ಲಿಸಿ, ಕೌದಿ ಸುತ್ತಿ, ಇಬ್ಬರು ಎರಡೂ ತುದಿ ಹಿಡಿಯಲಿ. ಅಲ್ಲಿ ಚೀಲದೊಳಗೆ ಹೊಕ್ಕು ಗೋಡೆಗೆ ಕಟ್ಟಿಕೊಂಡು ಮಲಗೋದು, ಇಲ್ಲದಿದ್ದರೆ ನಿದ್ದೆಯಲ್ಲೇ ತೇಲಿ ಎಲ್ಲಾದರೂ ಬಡಿದುಕೊಳ್ತಾರೆ. ಪಕ್ಕದಲ್ಲಿ ಫ್ಯಾನ್ ಓಡ್ತಾನೇ ಇರಬೇಕು. ಬಿಟ್ಟ ಉಸಿರು ನಮ್ಮಲ್ಲಿ ಬಿಸಿಗೆ ಮೇಲೇರಿ ಹೋಗುತ್ತೆ, ಅಲ್ಲಿ ಮುಖದ ಸುತ್ತಲೇ ನಿಂತುಬಿಡುತ್ತೆ.

ವ್ಯಾಯಾಮ ದಿನಕ್ಕೆ ಸುಮಾರು ಎರಡು ಗಂಟೆ. ಬಸ್ಕಿ ಹೊಡೆದರೆ ಅಲ್ಲಿ ಪ್ರಯೋಜನ ಇಲ್ಲ, ಮೈಯ ಭಾರವೇ ಕಾಲಿಗೆ ತಾಗಲ್ಲವಲ್ಲ. ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಕತ್ತರಿಸಿ, ನಡುವೆ ಕಾಲಿಟ್ಟು ಎರಡೂ ತುದಿ ಹಿಡಿದು ಹತ್ತು ಸಲ ಎಳೆಸಿ. ಮೂಳೆ, ಸ್ನಾಯು ಸೊರಗದಿರಲಿ ಅಂತ ಅಲ್ಲಿ ಮಾಡೋದೂ ಇಂಥದ್ದೇ ಎಳೆತದ ಕಸರತ್ತು.

ಎರಡು ಎಚ್ಚರಿಕೆ. ಹೆಲ್ಮೆಟ್ ಆಟಕ್ಕೆ ಪ್ಲಾಸ್ಟಿಕ್ ಕವರ್ ಕೊಠಡಿಯೊಳಗೇ ತರಬೇಡಿ. ನೀವು ರಟ್ಟಿನ ಡಬ್ಬದಲ್ಲಿ ಮಾಡಿಸಿದರೂ ಮನೆಗೆ ಹೋಗಿ ಕವರ್ ತಲೆಗೆ ಹಾಕಿಕೊಳ್ಳೋ ಮಕ್ಕಳಿರ್ತಾರೆ, ಉಸಿರುಕಟ್ಟುತ್ತೆ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಡಬ್ಬಕ್ಕೆ ಮುಖದ ಕಡೆ ಒಂದು ಗೇಣು ಅಗಲ ಕಿಂಡಿ ಇರಲಿ, ಹಾಳೆ ಅಂಟಿಸಬೇಡಿ. ಇನ್ನು "ಗಗನಯಾತ್ರಿ ತರಬೇತಿ" ಅಂತ ಮಕ್ಕಳನ್ನ ಗರಗರ ತಿರುಗಿಸೋ ಆಟ ಬೇಡ. ಬಿಸಿಯೂಟ ಆದಮೇಲೆ ಅಂತೂ ಬೇಡವೇ ಬೇಡ.

ಹೊಳಲ್ಕೆರೆ ಮೊಳಕೆ:

ಶುಕ್ಲಾ ಅವರ ಹೆಸರು ಬಂತಲ್ಲ, ಅವರು ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮ ಧಾರವಾಡದ್ದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಕಳಿಸಿದ ಹೆಸರುಕಾಳು, ಮೆಂತ್ಯ ನಿಲ್ದಾಣದಲ್ಲಿ ಮೊಳಕೆ ಒಡೆದವು. ಅದನ್ನೇ ತರಗತಿಯಲ್ಲಿ ಮಾಡಿಸಿ, ಹತ್ತು ರೂಪಾಯಿ ಖರ್ಚಿಲ್ಲ.

ಭಾನುವಾರ ರಾತ್ರಿ ಕಾಳು ನೆನೆಹಾಕಿ, ಎಂಟು ಗಂಟೆ ಸಾಕು. ಸೋಮವಾರ ಬೆಳಗ್ಗೆ ಗಾಜಿನ ಲೋಟದ ಒಳಗೋಡೆಗೆ ಹಳೇ ಹತ್ತಿ ಬಟ್ಟೆ ಒದ್ದೆ ಮಾಡಿ ಹಚ್ಚಿ, ನಡುವೆ ಮುದುರಿದ ಕಾಗದ ತುರುಕಿ ಬಟ್ಟೆ ಗಾಜಿಗೆ ಒತ್ತಿಕೊಳ್ಳುವಂತೆ ಮಾಡಿ. ಗಾಜಿಗೂ ಬಟ್ಟೆಗೂ ನಡುವೆ, ಲೋಟದ ಅರ್ಧ ಎತ್ತರದಲ್ಲಿ, ಆರು ಕಾಳು ಸಿಕ್ಕಿಸಿ. ತಳದಲ್ಲಿ ಒಂದು ಸೆಂ.ಮೀ. ನೀರು. ಮಂಗಳವಾರ ಬೇರಿನ ತುದಿ ಕಾಣುತ್ತೆ. ಬುಧವಾರವೋ ಗುರುವಾರವೋ ಎರಡು ಸೆಂ.ಮೀ. ಆದಾಗ ನೀರು ಚೆಲ್ಲಿ ಲೋಟವನ್ನ ಅಡ್ಡ ಮಲಗಿಸಿ. ಮಲಗಿಸುವಾಗ ಪಕ್ಕದ ಗೋಡೆಗೆ ಹತ್ತಿದ ಕಾಳುಗಳ ಬೇರಿನ ಗೆರೆಯನ್ನ ಗಾಜಿನ ಹೊರಗೆ ಸ್ಕೆಚ್ ಪೆನ್ನಿನಿಂದ ಎಳೆದಿಡಿ. ಮಾರನೇ ದಿನ ಬೇರು ಗೆರೆ ಬಿಟ್ಟು ಕೊಕ್ಕೆಯಂತೆ ಕೆಳಕ್ಕೆ ಬಾಗಿರುತ್ತೆ. ಗೆರೆ ಎಳೆಯದಿದ್ದರೆ ಮಕ್ಕಳು "ಮೊದಲೂ ಹಿಂಗೇ ಇತ್ತು" ಅಂತಾರೆ.

ಇಲ್ಲಿ ಹಾಳಾಗೋದು ನೀರಿಂದ. ಕಾಳಿಗೆ ನೀರು ತಾಗಿ ನಿಂತರೆ ಎರಡೇ ದಿನಕ್ಕೆ ನಾರುತ್ತೆ. ಬಟ್ಟೆ ಒಣಗಿದರೆ ಬೇರಿನ ತುದಿ ಕಂದಾಗಿ ಅಲ್ಲಿಗೇ ನಿಲ್ಲುತ್ತೆ. ಲೋಟ ಮಲಗಿಸಿದ ಮೇಲೆ ಹೊತ್ತಿಗೆ ಎರಡು ಚಮಚ ನೀರು ಬಟ್ಟೆಗೆ ಹನಿಸ್ತಾ ಇರಿ. ಕಿರಾಣಿ ಅಂಗಡಿಯ ಇಡೀ ಹೆಸರುಕಾಳನ್ನೇ ತನ್ನಿ. ಮನೆಯಲ್ಲಿ ಬಿತ್ತನೆಗೆ ಇಟ್ಟದ್ದು ಬೇಡ್ರಿ, ಅದಕ್ಕೆ ಔಷಧಿ ಲೇಪನ ಆಗಿರುತ್ತೆ, ಬಣ್ಣ ನೋಡಿ ಮಕ್ಕಳು ಬಾಯಿಗೆ ಹಾಕ್ಕೋತಾರೆ.

ಬೇರಿಗೆ ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅನ್ನೋದು ನಿಮ್ಮ ತಿಳಿವಳಿಕೆಗೆ: ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ, ಅವು ಕೋಶದ ತಳಕ್ಕೆ ಇಳಿದು ಕೂರುತ್ತವೆ. ಲೋಟ ತಿರುಗಿಸಿದರೆ ಕಣಗಳು ಹೊಸ ತಳಕ್ಕೆ ಇಳಿಯುತ್ತವೆ, ಬೇರು ಆ ಕಡೆ ಬಾಗುತ್ತೆ. ನಿಲ್ದಾಣದಲ್ಲಿ ಕಣವೂ ಕೋಶವೂ ಒಟ್ಟಿಗೆ ಬೀಳ್ತಿರೋದರಿಂದ ಇಳಿದು ಕೂರೋ ಮಾತೇ ಇಲ್ಲ. ದುರ್ಗದ ಸರ್ ಹೇಳಿದ ಬಾಟಲಿ ನೀರಿನ ವಿಷಯವೇ ಇದು. ಬಾಟಲಿ ಪ್ರಯೋಗವನ್ನ ಗುರುವಾರಕ್ಕೆ, ಬೇರು ನೋಡೋದನ್ನ ಶುಕ್ರವಾರಕ್ಕೆ ಇಟ್ಟುಕೊಂಡರೆ ಎರಡೂ ಕೂಡಿಕೊಳ್ಳುತ್ತವೆ.

ಚಳ್ಳಕೆರೆ ಬಯಲು:

ಹೋಗೋದು, ಬರೋದು ಎರಡೂ ಬಾಕಿ ಇದೆ, ನಾನು ಹೇಳ್ತೀನಿ.

ದೂರದಿಂದ ಶುರು ಮಾಡಿ. ನೂರು ಕಿ.ಮೀ. ಮೇಲಿನದನ್ನ ಬಾಹ್ಯಾಕಾಶ ಅಂತ ಲೆಕ್ಕ ಹಿಡೀತಾರೆ. ದಾವಣಗೆರೆಯಿಂದ ಹಿರಿಯೂರಿನಷ್ಟು ದೂರ, ನೆಟ್ಟಗೆ ಮೇಲಕ್ಕೆ. ನಿಲ್ದಾಣಕ್ಕೆ ಬೆಂಗಳೂರು ಮೇಲೆ ಹಾದು ಮೈಸೂರಿಗೆ ಹೋದಷ್ಟು. ಮಕ್ಕಳು "ಅಷ್ಟೇನಾ?" ಅಂತಾರೆ, ಅನ್ನಲಿ. ಆಮೇಲೆ ಸುತ್ತಳತೆ 40 ಸೆಂ.ಮೀ. ಇರುವ ಚೆಂಡು ತಗೊಂಡು ಇದು ಭೂಮಿ ಅನ್ನಿ (ದಾರ ಸುತ್ತಿ ಅಳೆದು ಆರಿಸಿ). ಚಂದ್ರನಿಗೆ 11 ಸೆಂ.ಮೀ. ಸುತ್ತಳತೆಯ ನಿಂಬೆಹಣ್ಣು. ಚಂದ್ರನನ್ನ ಎಷ್ಟು ದೂರ ಇಡಬೇಕು ಅಂತ ಕೇಳಿದರೆ ಎಲ್ಲರೂ ಒಂದು ಗೇಣು, ಎರಡು ಗೇಣು ಇಡ್ತಾರೆ. ಸರಿಯಾದ ದೂರ 3.84 ಮೀಟರ್, ಕೊಠಡಿಯ ಆ ತುದಿ. ಇದೇ ಅಳತೆಯಲ್ಲಿ ನಿಲ್ದಾಣ ಚೆಂಡಿನಿಂದ ನಾಲ್ಕು ಮಿ.ಮೀ. ಮೇಲೆ, ಪೆನ್ಸಿಲಿನ ಅರ್ಧ ದಪ್ಪ ಬಿಟ್ಟು. ಚಂದ್ರನವರೆಗೆ ಹೋಗಿ ಇಳಿದವರು ಹನ್ನೆರಡೇ ಜನ, 1969ರಿಂದ 1972ರೊಳಗೆ. ಚಂದ್ರಯಾನ-3ರಲ್ಲಿ ಮನುಷ್ಯರಿರಲಿಲ್ಲ ಅಂತ ಒತ್ತಿ ಹೇಳಿ. ನೀವು ಆಚರಿಸ್ತಿರೋ ದಿನವೇ ಅದು ಇಳಿದ ದಿನ (2023) ಆದ್ದರಿಂದ ಮಕ್ಕಳು ಎರಡನ್ನೂ ಕಲಸಿಕೊಳ್ತಾರೆ.

ಬಲೂನ್ ರಾಕೆಟ್ಟಿಗೆ ಆರು ಮೀಟರ್ ನೈಲಾನ್ ದಾರ, ಹತ್ತು ಸೆಂ.ಮೀ. ಸ್ಟ್ರಾ ತುಂಡು, ಟೇಪು, ಬಟ್ಟೆ ಕ್ಲಿಪ್ಪು. ಸ್ಟ್ರಾ ಒಳಗೆ ದಾರ ಹಾಯಿಸಿ ಕಿಟಕಿಯಿಂದ ಕಿಟಕಿಗೆ ಬಿಗಿಯಾಗಿ ಕಟ್ಟಿ. ಬಲೂನ್ ಊದಿ, ಬಾಯಿಗೆ ಕ್ಲಿಪ್ ಹಾಕಿ, ಊದಿದ ಮೇಲೇ ಸ್ಟ್ರಾಗೆ ಎರಡು ಕಡೆ ಟೇಪ್ ಹಚ್ಚಿ. ಊದೋಕೆ ಮುಂಚೆ ಹಚ್ಚಿದರೆ ಹಿಗ್ಗುವಾಗ ಕಿತ್ತುಬರುತ್ತೆ. ಬಲೂನಿನ ಬಾಯಿ ದಾರಕ್ಕೆ ಸಮನಾಗಿ ಹಿಂದಕ್ಕೆ ಇರಬೇಕು, ವಾರೆಯಾದರೆ ದಾರದ ಸುತ್ತ ಗಿರಕಿ ಹೊಡೆದು ನಿಲ್ಲುತ್ತೆ. ಹೂ ಕಟ್ಟೋ ನೂಲು ಬೇಡ, ಅದರ ಜುಂಗಿಗೆ ಸ್ಟ್ರಾ ಸಿಕ್ಕಿಕೊಳ್ಳುತ್ತೆ. ಬಲೂನನ್ನ ನೀವೇ ಪಂಪಿನಿಂದ ಊದಿ. ಎಂಟು ವರ್ಷದೊಳಗಿನವರ ಕೈಗೆ ಊದದ ಬಲೂನು, ಒಡೆದ ಚೂರು ಸಿಗಬಾರದು, ಗಂಟಲಲ್ಲಿ ಸಿಕ್ಕಿದರೆ ತೆಗೆಯೋದು ಕಷ್ಟ. "ಹಿಂದಿನ ಗಾಳಿಯನ್ನ ತಳ್ಳಿಕೊಂಡು ಮುಂದೆ ಹೋಗುತ್ತೆ" ಅನ್ನಬೇಡಿ. ತನ್ನೊಳಗಿನ ಗಾಳಿಯನ್ನ ಹಿಂದಕ್ಕೆ ಎಸೆಯುತ್ತೆ, ಅದಕ್ಕೇ ಮುಂದೆ ಹೋಗುತ್ತೆ. ಹಾಗಿಲ್ಲದಿದ್ದರೆ ಗಾಳಿಯಿಲ್ಲದ ಕಡೆ ರಾಕೆಟ್ ಓಡುತ್ತಲೇ ಇರಲಿಲ್ಲ.

ವಾಪಸ್ ಬರೋದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಚಳ್ಳಕೆರೆ ಹತ್ತಿರದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ರೆಕ್ಕೆಯಿರುವ ನೌಕೆ "ಪುಷ್ಪಕ್" ಮೂರು ಸಲ ತಾನೇ ಇಳಿದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ಅದನ್ನ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಮೂರನೇ ಸಲ ರನ್‌ವೇಗೆ ತಾಗಿದಾಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು ವೇಗ, ಹಿಂದೆ ಪ್ಯಾರಾಚೂಟ್ ಬಿಚ್ಚಿ ಅದನ್ನ ನೂರರ ಆಸುಪಾಸಿಗೆ ಇಳಿಸಿದರು. ಒಳಗೆ ಯಾರೂ ಇರಲಿಲ್ಲ, ಅದು ಬಾಹ್ಯಾಕಾಶದಿಂದ ಬಂದದ್ದೂ ಅಲ್ಲ, ಇಳಿಯೋ ಅಭ್ಯಾಸ ಮಾತ್ರ. ಶೈಕ್ಷಣಿಕ ಪ್ರವಾಸಕ್ಕೆ ಅಂತ ಆ ಕಡೆ ಯೋಜನೆ ಹಾಕಬೇಡಿ, ಅದು ರಕ್ಷಣಾ ಇಲಾಖೆಯ ಜಾಗ. ಗಗನಯಾನದವರು (ಇಸ್ರೋ ತನ್ನದೇ ನೌಕೆಯಲ್ಲಿ ಕಳಿಸೋ ಗಗನಯಾತ್ರಿಗಳು) ಇಳಿಯೋದು ರನ್‌ವೇ ಮೇಲಲ್ಲ, ಪ್ಯಾರಾಚೂಟ್ ಕಟ್ಟಿಕೊಂಡು ಸಮುದ್ರಕ್ಕೆ. ತೆಳು ಕವರ್ ಕತ್ತರಿಸಿ ಪ್ಯಾರಾಚೂಟ್ ಮಾಡೋದಾದರೆ ನೆತ್ತಿಯಲ್ಲಿ ಎರಡು ಸೆಂ.ಮೀ. ತೂತು ಬಿಡಿ, ಇಲ್ಲದಿದ್ದರೆ ಗಾಳಿ ಒಂದೊಂದು ಬದಿಯಿಂದ ಸೋರಿ ಜೋಲಿ ಹೊಡೆಯುತ್ತೆ. ಕವರನ್ನ ಮಾತ್ರ ನೀವೇ ಕತ್ತರಿಸಿ ತನ್ನಿ, ಮೇಲೆ ಹೇಳಿದ ಕಾರಣಕ್ಕೇ.

ಚಾರ್ಟು ತಪ್ಪು. ಮೊದಲ ಭಾರತೀಯ ರಾಕೇಶ್ ಶರ್ಮಾ, 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆ ಸೋಯುಜ್ ಟಿ-11ರಲ್ಲಿ ಹೊರಟರು. ಕಲ್ಪನಾ ಚಾವ್ಲಾ ಹುಟ್ಟಿದ್ದು ಕರ್ನಾಲಿನಲ್ಲಿ, 1997ರಲ್ಲಿ ಹೋದಾಗ ಅವರು ಅಮೆರಿಕದ ಪ್ರಜೆ. ಭೂಮಿಯನ್ನ ಸುತ್ತಿದ ಎರಡನೆಯ ಭಾರತೀಯ ಶುಭಾಂಶು ಶುಕ್ಲಾ, 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದರು. ನಿಲ್ದಾಣದೊಳಗೆ ಕಾಲಿಟ್ಟ ಮೊದಲ ಭಾರತೀಯ ಅವರೇ. ಅವರ ನೌಕೆಯಲ್ಲಿ "ಜಾಯ್" ಅನ್ನೋ ಹಂಸದ ಮರಿ ಗೊಂಬೆ ಇತ್ತು. ಗೊಂಬೆ ತೇಲತೊಡಗಿದರೆ ತೂಕವಿಲ್ಲದ ಸ್ಥಿತಿ ಬಂತು ಅಂತ ಅರ್ಥ. ಕೌಂಟ್‌ಡೌನ್ ಆಟ ಆಡಿಸುವಾಗ ನಿಮ್ಮ ತರಗತಿಗೂ ಒಂದು ಗೊಂಬೆ ಇರಲಿ.

ಮಾಯಕೊಂಡ ಟೀಚರ್:

ಎಲ್ಲರಿಗೂ ಧನ್ಯವಾದ. ಚಾರ್ಟ್ ಕೈಬಿಟ್ಟೆ. ಸೋಮವಾರ ಕಾಳು, ಮಂಗಳವಾರ ಊಟ-ನಿದ್ದೆ, ಬುಧವಾರ ಚೆಂಡು-ಬಲೂನು, ಗುರುವಾರ ಬಾಟಲಿ, ಶುಕ್ರವಾರ ಬೇರು. ಕಲ್ಪನಾ ಅವರ ಹೆಸರು ಎತ್ತಿದರೆ "ಈಗ ಎಲ್ಲಿದ್ದಾರೆ" ಅಂತ ಕೇಳ್ತಾರೆ. ಏನು ಹೇಳಲಿ? ಇನ್ನೊಂದು, ನಿಲ್ದಾಣ ನಮ್ಮೂರಿಂದ ಬರಿಗಣ್ಣಿಗೆ ಕಾಣುತ್ತೆ ಅಂತಾರಲ್ಲ, ಅದು ಹೇಗೆ?

ದಾವಣಗೆರೆ ಶಿಶುಶಿಕ್ಷಣ:

ಮುಚ್ಚಿಡಬೇಡಿ ಮೇಡಂ, ಎರಡು ವಾಕ್ಯದಲ್ಲಿ ಹೇಳಿ. "ವಾಪಸ್ ಬರುವಾಗ ಅವರ ನೌಕೆ ಒಡೆದುಹೋಯಿತು, ಏಳೂ ಜನ ತೀರಿಕೊಂಡರು. ಯಾಕೆ ಒಡೆಯಿತು ಅಂತ ಹುಡುಕಿ, ಆಮೇಲೆ ಹೋದವರಿಗೆ ಹಾಗಾಗದಂತೆ ಸರಿಮಾಡಿದರು." ಅದು 2003ರ ಫೆಬ್ರವರಿ 1, ಅವರು ಎರಡನೇ ಸಲ ಹೋಗಿದ್ದಾಗ. ಏರುವಾಗ ಕಿತ್ತುಬಂದ ಫೋಮ್ ತುಂಡು ಎಡ ರೆಕ್ಕೆಗೆ ಬಡಿದು ಶಾಖ ತಡೆಯೋ ಹೊದಿಕೆ ತೂತಾಗಿತ್ತು. ಕಾರಣ ಕೇಳಿದ ಮಗುವಿಗೆ ಅಷ್ಟು ಹೇಳಿ. ವಿಡಿಯೋ ತೋರಿಸಬೇಡಿ. "ನಕ್ಷತ್ರ ಆದರು" ಅಂತಲೂ ಬೇಡ, ಈ ವಯಸ್ಸಿನವರು ಅದನ್ನ ನಿಜ ಅಂತಲೇ ತಗೋತಾರೆ, ಬಾಹ್ಯಾಕಾಶಕ್ಕೆ ಹೋಗೋದು ಅಂದ್ರೆ ಸಾಯೋದು ಅಂತ ಮನಸ್ಸಲ್ಲಿ ಕೂತುಬಿಡುತ್ತೆ.

ಚಳ್ಳಕೆರೆ ಬಯಲು:

ಕಾಣುತ್ತೆ. ಸೂರ್ಯ ಮುಳುಗಿದ ಮೇಲೆ ಒಂದೆರಡು ಗಂಟೆಯೊಳಗೆ, ಇಲ್ಲವೇ ಬೆಳಗಿನ ಜಾವ. ಆಗ ನಮಗೆ ಕತ್ತಲು, ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು. ನಾಸಾದ "ಸ್ಪಾಟ್ ದ ಸ್ಟೇಷನ್" ಆ್ಯಪಿನಲ್ಲಿ ಊರು ಹಾಕಿದರೆ ಸಮಯ, ದಿಕ್ಕು, ಎತ್ತರದ ಕೋನ ಕೊಡುತ್ತೆ. ಕೋನ 40 ಡಿಗ್ರಿಗಿಂತ ಮೇಲಿರೋ ದಿನವನ್ನೇ ಆರಿಸಿ, ಕಡಿಮೆಯಿದ್ದರೆ ಮರದ ಹಿಂದೆ, ಮನೆಯ ಹಿಂದೆ ಹೋಗಿಬಿಡುತ್ತೆ. ಮಿಣುಕದೆ, ಸದ್ದಿಲ್ಲದೆ, ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಐದಾರು ನಿಮಿಷದೊಳಗೆ ದಾಟುತ್ತೆ. ಮಿಣುಕಿದರೆ ಅದು ವಿಮಾನ. ಸಂಜೆ ಹೊತ್ತು ಆಕಾಶದ ನಡುವೆಯೇ ತಟ್ಟನೆ ಮಾಯವಾದರೆ ಭೂಮಿಯ ನೆರಳಿಗೆ ಹೊಕ್ಕಿದೆ ಅಂತ.

ಆದರೆ ಆಗಸ್ಟಿನಲ್ಲಿ ಮೋಡ ಬಿಡಲ್ಲ. ಇದನ್ನ ನವೆಂಬರ್-ಡಿಸೆಂಬರಿಗೆ ಇಟ್ಟುಕೊಳ್ಳಿ. ಮಕ್ಕಳು ಮನೆಯಲ್ಲಿರೋ ಹೊತ್ತಾದ್ದರಿಂದ ಪೋಷಕರ ವಾಟ್ಸಾಪ್ ಗುಂಪಿಗೆ ಹಿಂದಿನ ದಿನವೇ ಗಂಟೆ, ನಿಮಿಷ, ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು, ಮೂರನ್ನೂ ಹಾಕಿ. ಹತ್ತು ನಿಮಿಷ ಮೊದಲೇ ಹೊರಗೆ ಬಂದು ನಿಲ್ಲಲಿ, ಬೀದಿದೀಪಕ್ಕೆ ಬೆನ್ನು ಮಾಡಿ.